ಇರುವೆ ಬಿದ್ದ ಹಾಲು

ಕೂಸು ಹಾಲು ಕಕ್ಕುವುದೇನು ಊರಲ್ಲಿಲ್ಲದ ಸುದ್ದಿಯಲ್ಲ. ಆದರೆ ಹೇಮಾ ಕಕ್ಕುವ ಚಂದವೇ ಬೇರೆ. ಕುಡಿದದ್ದು ಗಂಟಲು ಇಳಿಯಿತೋ ಇಲ್ಲವೋ ಅನ್ನುವಷ್ಟರಲ್ಲಿ ಬಾಯಿಯ ಎರಡೂ ಕಡೆಯಿಂದ ಹರಿದು ಕುತ್ತಿಗೆಯ ಮಡಿಕೆಯಲ್ಲಿ ನಿಲ್ಲುತ್ತಿತ್ತು. ಒಮ್ಮೊಮ್ಮೆ ಮೂಗಿನಿಂದಲೂ ಬರುತ್ತಿತ್ತು. ಸ್ವಲ್ಪ ತಡೆದು ಕಕ್ಕಿದರೆ ಒಡೆದ ಹಾಲಿನ ಗಡ್ಡೆ, ಹುಳಿ ವಾಸನೆ, ಮೇಲೆ ಒಂದಷ್ಟು ಅಳು. ಅದರ ತಾಯಿ ಶಿವಲೀಲಾಳ ಹೆಗಲ ಮೇಲೆ ಯಾವಾಗಲೂ ಒಂದು ಹಳೆಯ ಅರಿವೆ ಇರುತ್ತಿತ್ತು. ಅದು ಒಣಗುವುದರೊಳಗೆ ಇನ್ನೊಂದು ಬೇಕಾಗುತ್ತಿತ್ತು.

ಕೊಪ್ಪಳ ಜಿಲ್ಲೆಯಾದ ಮರುವರ್ಷದ ಮಾತು ಇದು. ಚೊಚ್ಚಲ ಬಾಣಂತನವನ್ನು ಯಲಬುರ್ಗಾ ಕಡೆಯ ತವರಿನಲ್ಲಿ ಮುಗಿಸಿಕೊಂಡು, ಕೂಸಿಗೆ ಮೂರು ತಿಂಗಳು ತುಂಬುತ್ತಲೂ ಶಿವಲೀಲಾ ತೊಟ್ಟಿಲ ಸಮೇತ ತಾವರಗೇರಿಯ ಗಂಡನ ಮನೆಗೆ ಬಂದಿದ್ದಳು. ತವರಿನಲ್ಲೂ ಕೂಸು ಕಕ್ಕುತ್ತಿತ್ತು. ಅವಳ ತಾಯಿ ಅದನ್ನು ತಲೆಗೆ ಹಚ್ಚಿಕೊಂಡಿರಲಿಲ್ಲ. "ಕಕ್ಕಿದ್ರ ಕಕ್ಕಲಿ ಬಿಡು, ಮೈಕೈ ತುಂಬಿಕೊಂಡು ಗುಂಡಗ ಐತಿ" ಎಂದು ಒರೆಸಿ ಸುಮ್ಮನಾಗುತ್ತಿದ್ದಳು. ಆದರೆ ತಾವರಗೇರಿಯ ಅತ್ತೆ ಪಾರ್ವತೆಮ್ಮನಿಗೆ ಅಷ್ಟು ಸಲೀಸಾಗಿ ಸುಮ್ಮನಾಗಲು ಬರುತ್ತಿರಲಿಲ್ಲ. ಕೂಸು ಒಮ್ಮೆ ಕಕ್ಕಿದರೆ ಆಕೆಯ ಮುಖದ ರಕ್ತವೇ ಇಳಿದುಹೋಗುತ್ತಿತ್ತು.

ಪಾರ್ವತೆಮ್ಮ ಕೆಟ್ಟವಳೇನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅತ್ತೆ ಅಂದಕೂಡಲೆ ನಾವೆಲ್ಲ ಹುಬ್ಬು ಏರಿಸಿ ಕೂರುತ್ತೇವೆ. ಸೊಸೆಗೆ ಬಿಸಿ ಅನ್ನ ಹಾಕಿ ತಾನು ತಂಗಳು ಉಣ್ಣುವ ಹೆಂಗಸು. ಗಂಡ ದೇವೇಂದ್ರಪ್ಪನದು ಮನೆಯ ಮುಂಭಾಗದಲ್ಲೇ ಕಿರಾಣಿ ಅಂಗಡಿ, ಮಗ ಗವಿಸಿದ್ದೇಶ ಗಿಣಿಗೇರಿಯ ಕಬ್ಬಿಣದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅಲ್ಲೇ ಒಂದು ಖೋಲಿ ಹಿಡಿದುಕೊಂಡು ವಾರದ ರಜೆಗೆ ಬಂದು ಹೋಗುತ್ತಿದ್ದ. ಅವನು ಬರುವಾಗ ಕೂಸು ಹೆಚ್ಚಾಗಿ ನಿದ್ದೆಯಲ್ಲಿರುತ್ತಿತ್ತು, ಹಾಗಾಗಿ ಅವನ ಪಾಲಿಗೆ ಅದು ಭಾಳ ಶಾಣ್ಯಾ ಕೂಸು.

ಓಣಿಯ ಕೂಸುಗಳಿಗೆಲ್ಲ ನೀರು ಹಾಕಲು ಬರುತ್ತಿದ್ದವಳು ಪಕ್ಕೀರವ್ವ. ಎರಡೂ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲ ಮೇಲೆ ಬೋರಲು ಹಾಕಿ, ಎಣ್ಣೆ ತಿಕ್ಕಿ, ಬಿಸಿನೀರು ಸುರಿದು, ಲೋಬಾನದ ಹೊಗೆ ಹಾಕಿ, ಕೊನೆಗೆ ಹೊಟ್ಟೆಗೊಂದು ಅರಿವೆಯನ್ನು ಬಿಗಿಯಾಗಿ ಸುತ್ತಿ ಗಂಟು ಹಾಕುತ್ತಿದ್ದಳು. ಹೊಟ್ಟೆ ಕಟ್ಟದಿದ್ದರೆ ಕೂಸಿನ ನಡ, ಅಂದರೆ ಸೊಂಟ, ಗಟ್ಟಿಯಾಗಿ ನಿಲ್ಲುವುದಿಲ್ಲ ಎಂಬುದು ಆಕೆಯ ನಂಬಿಕೆ. ನೀರು ಹಾಕಿದ ಕೂಡಲೆ ಹೊಟ್ಟೆ ತುಂಬ ಮೊಲೆ ಕುಡಿಸಿ ತೊಟ್ಟಿಲಲ್ಲಿ ಮಲಗಿಸಬೇಕು. ಹಾಗೆ ಮಲಗಿಸಿದ ಸ್ವಲ್ಪ ಹೊತ್ತಿಗೇ ಹೇಮಾ ಕುಡಿದದ್ದನ್ನೆಲ್ಲ ಹೊರಗೆ ಹಾಕುತ್ತಿದ್ದಳು. ಕಕ್ಕಿದಷ್ಟೂ ಪಕ್ಕೀರವ್ವ ಗಂಟನ್ನು ಇನ್ನಷ್ಟು ಬಿಗಿ ಮಾಡುತ್ತಿದ್ದಳು.

ದೃಷ್ಟಿ ತೆಗೆದದ್ದಾಯಿತು. ಓಂಕಾಳಿನ ನೀರು, ತೇಯ್ದ ಬಜೆಬೇರು ಆಯಿತು. ಹೇಮಗುಡ್ಡದ ದುರ್ಗಮ್ಮನಿಗೆ ಉಡಿ ತುಂಬುತ್ತೇನೆಂದು ಪಾರ್ವತೆಮ್ಮ ಹರಕೆ ಹೊತ್ತದ್ದೂ ಆಯಿತು. ಹರಕೆ ಹೊತ್ತ ಸಂಜೆಯೇ ಕೂಸು ಆಕೆಯ ಮಡಿಲಲ್ಲೇ ಮೂಗು ಬಾಯಿಂದ ಕಕ್ಕಿ, ಉಸಿರು ಕಟ್ಟಿದಂತಾಗಿ ಮುಖ ಕೆಂಪಗೆ ಮಾಡಿಕೊಂಡಿತು. ಮರುದಿನ ಪಕ್ಕೀರವ್ವ ಬಂದಾಗ ಪಾರ್ವತೆಮ್ಮ ಅದನ್ನು ಹೇಳಿಕೊಂಡಳು. ಪಕ್ಕೀರವ್ವ ಕೂಸನ್ನು ನೋಡಲಿಲ್ಲ, ತಾಯಿಯನ್ನು ನೋಡಿದಳು.

"ಪಾರ್ವತೆಮ್ಮಾರ, ಕೂಸಿನಾಗೇನೂ ಇಲ್ರಿ. ಹಾಲಿನಾಗ ಐತಿ ನೋಡ್ರಿ. ಒಮ್ಮೆ ಇರಿವಿ ಬಿಟ್ಟು ನೋಡೂನು."

ಆ ಪರೀಕ್ಷೆ ಶಿವಲೀಲಾಳಿಗೆ ಗೊತ್ತಿರಲಿಲ್ಲ. ಉಳಿದಿಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ತಾಯಿಯ ಹಾಲನ್ನು ಬಟ್ಟಲಿಗೆ ಹಿಂಡಿ ಅದರಲ್ಲಿ ಒಂದು ಜೀವಂತ ಇರುವೆ ಬಿಡುವುದು. ಇರುವೆ ಈಜಿ ದಂಡೆ ಹತ್ತಿದರೆ ಹಾಲು ಅಮೃತ. ಸತ್ತರೆ ನಂಜು.

ಕಿರಾಣಿ ಅಂಗಡಿಯವರ ಮನೆಯಲ್ಲಿ ಇರುವೆಗೇನು ಬರ? ಬೆಲ್ಲದ ಪೆಂಟೆಯ ಬುಡದಿಂದ ಪಕ್ಕೀರವ್ವ ಒಂದು ಕರಿ ಇರುವೆಯನ್ನು ಕಡ್ಡಿಯ ಮೇಲೆ ಹತ್ತಿಸಿಕೊಂಡು ಬಂದಳು. ಶಿವಲೀಲಾ ಗೋಡೆಯ ಕಡೆ ಮುಖ ಮಾಡಿ ಕೂತು ಬಟ್ಟಲಿಗೆ ಹಾಲು ಹಿಂಡಿಕೊಟ್ಟಳು. ನಾಚಿಕೆಯಿಂದ ಕಿವಿ ಬಿಸಿಯಾಗಿದ್ದವು. ಇರುವೆ ಹಾಲಿಗೆ ಬಿತ್ತು, ಕಾಲು ಬಡಿಯಿತು, ಒಂದು ಸುತ್ತು ತಿರುಗಿತು, ಬಟ್ಟಲಿನ ಅಂಚಿಗೆ ಬಂದಂತೆ ಮಾಡಿ ಮತ್ತೆ ನಡುವಿಗೆ ಹೋಯಿತು. ಆಮೇಲೆ ಅಲುಗಾಡಲಿಲ್ಲ.

ಇರುವೆ ಮೀನಲ್ಲ, ಯಾವ ಹಾಲಿಗೆ ಬಿದ್ದರೂ ಸಾಯುವ ಜೀವ ಎಂದು ಅಲ್ಲಿದ್ದ ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಪಕ್ಕೀರವ್ವ ಲೊಚಗುಟ್ಟಿದಳು. ಪಾರ್ವತೆಮ್ಮ ಮಾತ್ರ ಬಟ್ಟಲನ್ನೇ ನೋಡುತ್ತ ನಿಂತುಬಿಟ್ಟಿದ್ದಳು. ಏನಾಗುತ್ತದೆಂದು ಆಕೆಗೆ ಮೊದಲೇ ಗೊತ್ತಿದ್ದಂತಿತ್ತು. ಹೋಗಿ ಹಾಲನ್ನು ಯಾರೂ ತುಳಿಯದ ಕಡೆ ಚೆಲ್ಲಿ ಬಂದು ಸೊಸೆಯ ತಲೆ ಸವರಿದಳು.

"ನಿಂದೇನೂ ತಪ್ಪಿಲ್ಲವಾ. ಕೆಲವರ ಹಾಲು ಹಂಗ ಇರ್ತಾವ. ಇನ್ನ ಮ್ಯಾಲ ಕುಡಸಬ್ಯಾಡ."

ಆ ದಿನದಿಂದಲೇ ಕೂಸನ್ನು ಮೊಲೆ ಬಿಡಿಸಿದರು. ಹಾಲು ಬತ್ತಿಸಲು ಪಾರ್ವತೆಮ್ಮ ದುಂಡುಮಲ್ಲಿಗೆ ತಂದು ಸೊಸೆಯ ಎದೆಯ ಮೇಲೆ ಒತ್ತಾಗಿ ಹರಡಿ, ಮೇಲೆ ಅರಿವೆ ಸುತ್ತಿ ಕಟ್ಟಿದಳು. "ನೋವಾದ್ರ ಹೇಳವಾ" ಎಂದಳು. ನೋವು ಭಾಳ ಇತ್ತು. ಎದೆ ಕಲ್ಲಾಗಿತ್ತು. ಒಳಗೆ ಕೂಸು ಅತ್ತರೆ ಇಲ್ಲಿ ಹೂವಿನ ನಡುವಿನಿಂದ ಹಾಲು ತಾನಾಗಿಯೇ ಜಿನುಗುತ್ತಿತ್ತು. ಶಿವಲೀಲಾ ಹಲ್ಲು ಕಚ್ಚಿ ಕೂತಳು. ನನ್ನ ಕೂಸಿಗೆ ನಾನೇ ನಂಜು ಉಣಿಸಿದೆನಲ್ಲ ಎಂಬುದೊಂದೇ ಮಾತು ತಲೆಯಲ್ಲಿತ್ತು. ಬಾಡಿದ ಹೂವನ್ನು ತೆಗೆದು ಹೊಸದನ್ನು ಕಟ್ಟುತ್ತ ಹೋದರು. ಹಾಗೇ ಒಂದು ದಿನ ಕೂಸು ಅತ್ತಾಗ ಎದೆಯಲ್ಲಿ ಏನೂ ಆಗಲಿಲ್ಲ. ಅವತ್ತಿನಿಂದ ಅವಳ ಮನಸ್ಸಿನಲ್ಲೂ ಏನೂ ಆಗದಂತಾಯಿತು.

ಪಕ್ಕೀರವ್ವನ ಮನೆಯಲ್ಲೇ ಹಾಲು ಕೊಡುವ ಒಂದು ಆಡು ಇತ್ತು. ಬೆಳಿಗ್ಗೆ ಹಿಂಡಿದ ಹಾಲನ್ನು ಒಂದು ತಂಬಿಗೆಯಲ್ಲಿ ತಂದಿಡುತ್ತಿದ್ದಳು. "ಕೂಸಿನ ಹಾಲಿಗೆ ರೊಕ್ಕ ಇಸ್ಕೊಂತಾರೇನ್ರಿ" ಎಂದು, ದುಡ್ಡು ಕೊಡಲು ಬಂದ ದೇವೇಂದ್ರಪ್ಪನ ಮೇಲೆ ಕಣ್ಣು ಕೆಂಪಗೆ ಮಾಡಿದ್ದಳು. ಪಾರ್ವತೆಮ್ಮ ಅದಕ್ಕೆ ನೀರು ಬೆರೆಸಿ, ಕಾಸಿ, ಆರಿಸಿ ಒಳಲೆಯಿಂದ ಕುಡಿಸುತ್ತಿದ್ದಳು. ಮೊದಲ ಎರಡು ದಿನ ಕಕ್ಕುವುದು ಕಡಿಮೆಯಾದಂತೆ ಕಂಡಿತು. ಮನೆಯಲ್ಲಿ ಎಲ್ಲರ ಮುಖ ಅರಳಿತು. ಆಮೇಲೆ ಮೊದಲಿಗಿಂತ ಹೆಚ್ಚಾಯಿತು, ಜೊತೆಗೆ ಭೇದಿಯೂ ಹತ್ತಿತು. ಗುಂಡಗಿದ್ದ ಕೂಸಿನ ತೊಡೆ ಜೋತುಬಿತ್ತು.

ಶಿವಲೀಲಾ ರೊಟ್ಟಿ ಬಡಿದಳು, ಅಂಗಳ ಸಾರಿಸಿದಳು, ಅರಿವೆ ಒಗೆದಳು. ಕರೆದರೆ ಬಂದಳು, ಹೇಳಿದ್ದು ಮಾಡಿದಳು. ಅಂಗಡಿಗೆ ಬಂದ ಹೆಂಗಸರು "ನಿಮ್ಮ ಸೊಸಿ ಭಾಳ ಛಲೋ ಅದಾಳ್ರಿ, ಒಂದಕ್ಕ ಎರಡು ಮಾತಾಡಂಗಿಲ್ಲ" ಎಂದು ಹೊಗಳಿ ಹೋದರು. ಮಾತಾಡಬೇಕು ಅನ್ನಿಸಿದರಲ್ಲವೇ ಮಾತು? ಕೂಸನ್ನು ಎತ್ತಿಕೊಂಡರೂ ಯಾರದೋ ಕೂಸನ್ನು ಎತ್ತಿಕೊಂಡಂತೆ. ಕೂಸು ಎದೆಗೆ ಮುಖ ತಿಕ್ಕಿದರೆ ಸೆರಗು ಬಿಗಿ ಮಾಡಿಕೊಂಡು ಅತ್ತೆಯ ಕೈಗೆ ಕೊಟ್ಟುಬಿಡುತ್ತಿದ್ದಳು. ರಜೆಗೆ ಬಂದ ಗಂಡ "ಯಾಕ, ಸಪ್ಪಗದೀಯಲ್ಲ?" ಎಂದರೆ "ಏನಿಲ್ರಿ" ಅನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ. ಒಳಗೆ ಏನೂ ಇರಲಿಲ್ಲ.

ಹೀಗಿರುವಾಗ ಒಂದು ಮುಂಜಾನೆ ಪಾರ್ವತೆಮ್ಮ ಒಲೆಯ ಮುಂದೆ ಕೂತು ಆಡಿನ ಹಾಲಿನ ತಂಬಿಗೆಯೊಳಗೆ ಚಮಚ ಆಡಿಸುತ್ತಿದ್ದಳು. ಶಿವಲೀಲಾ ಪಕ್ಕದಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಪಾರ್ವತೆಮ್ಮ ಚಮಚದಿಂದ ಏನನ್ನೋ ತೆಗೆದು ಒಲೆಯ ಕಟ್ಟೆಗೆ ಒರೆಸಿದಳು. ಮತ್ತೆ ತೆಗೆದಳು, ಮತ್ತೆ ಒರೆಸಿದಳು. ಇದು ನಿತ್ಯದ ಕೆಲಸವೇ. ತಂಬಿಗೆ ಅಂಗಡಿಯ ಬಾಗಿಲ ಬಳಿ ಸ್ವಲ್ಪ ಹೊತ್ತು ಇದ್ದರೂ ಬೆಲ್ಲದ ಇರುವೆಗಳು ಬಿಡುತ್ತಿರಲಿಲ್ಲ.

ಶಿವಲೀಲಾ ಮೊರ ನಿಲ್ಲಿಸಿ ನೋಡಿದಳು. ಸಿಟ್ಟಿನಿಂದ ಅಲ್ಲ. ಮಳೆ ಬಂತು ಅನ್ನುವ ದನಿಯಲ್ಲಿ ಹೇಳಿದಳು.

"ಅತ್ತಿ, ಇದರಾಗೂ ಇರಿವಿ ಸತ್ತಾವ್ರಿ."

ಪಾರ್ವತೆಮ್ಮ ಚಮಚ ಕೆಳಗಿಟ್ಟಳು. ಕಟ್ಟೆಯ ಮೇಲೆ ಒದ್ದೆಯಾಗಿ ಮುದುಡಿ ಬಿದ್ದಿದ್ದ ಕರಿ ಚುಕ್ಕಿಗಳನ್ನು ನೋಡಿದಳು, ತಂಬಿಗೆಯನ್ನು ನೋಡಿದಳು. ಎದ್ದು ಹೋಗಿ ಬೆಲ್ಲದ ಪೆಂಟೆಯ ಬುಡದಿಂದ ಒಂದು ಇರುವೆ ತಂದಳು. ಬಟ್ಟಲಲ್ಲಿ ಆಡಿನ ಹಾಲು ಹಾಕಿ ಅದನ್ನು ಬಿಟ್ಟಳು. ಇರುವೆ ಕಾಲು ಬಡಿಯಿತು, ಸುತ್ತು ತಿರುಗಿತು, ಸತ್ತಿತು. ಮನೆಯಲ್ಲಿ ಚಹಾಕ್ಕೆಂದು ಇಟ್ಟಿದ್ದ ಎಮ್ಮೆಯ ಹಾಲಿತ್ತು. ಅದರಲ್ಲೂ ಒಂದು ಬಿಟ್ಟಳು. ಅದೂ ಸತ್ತಿತು. ಪಾರ್ವತೆಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೂತುಬಿಟ್ಟಳು. ಆಮೇಲೆ ಅಂಗಡಿಯಲ್ಲಿದ್ದ ಗಂಡನಿಗೆ ಕೇಳುವಂತೆ ಕೂಗಿದಳು.

"ಗಿಣಿಗೇರಿಗೆ ಫೋನ್ ಹಚ್ಚಸ್ರಿ. ಅವಗ ಕೊಪ್ಪಳಕ್ಕ ಬಾ ಅನ್ರಿ. ಕೂಸಿನ ಡಾಕ್ಟರಿಗೆ ತೋರಸೂನು."

ಕೊಪ್ಪಳದಲ್ಲಿ ಮಕ್ಕಳ ಡಾಕ್ಟರು ಒಬ್ಬ ಹೆಣ್ಣುಮಗಳು, ಆ ಕಡೆಯವಳೇ. ಕೂಸನ್ನು ಬೆತ್ತಲೆ ಮಾಡಿ ತೂಗಿದಳು, ಹೊಟ್ಟೆ ಒತ್ತಿ ನೋಡಿದಳು, ನೆತ್ತಿ ಮುಟ್ಟಿದಳು. ಹೊಟ್ಟೆಗೆ ಕಟ್ಟಿದ್ದ ಅರಿವೆಯನ್ನು ಬಿಚ್ಚುವಾಗ ಅಲ್ಲಿ ಕೆಂಪಗೆ ಬರೆ ಎದ್ದಿತ್ತು. ಕಕ್ಕಿದ್ದು ಹಸಿರು ಬರುತ್ತದೆಯೋ, ರಕ್ತ ಇರುತ್ತದೆಯೋ, ತವರಿನಲ್ಲಿದ್ದಾಗ ಮೈ ಹೇಗಿತ್ತು ಎಂದೆಲ್ಲ ಕೇಳಿದಳು. ತವರಿನಲ್ಲಿ ಸೂಜಿ ಹಾಕಿಸಲು ಹೋದಾಗಲೆಲ್ಲ ತೂಕ ಏರಿತ್ತು ಎಂದು ಶಿವಲೀಲಾ ಹೇಳಿದಳು.

"ನಿಮ್ಮ ಮನ್ಯಾಗ ಅಂಗಡಿ ಐತಿ ಅಂದ್ರಲ್ಲ" ಎಂದಳು ಡಾಕ್ಟರು ಪಾರ್ವತೆಮ್ಮನ ಕಡೆ ತಿರುಗಿ. "ಜ್ವಾಳದ ಚೀಲದ ಬಾಯಿ ಕಟ್ಟಲಾರದ ಅಡ್ಡ ಕೆಡವಿದ್ರ ಏನಾಕ್ಕೈತ್ರಿ?"

"ಚೆಲ್ತೈತ್ರಿ."

"ಮ್ಯಾಲ ಕುಂತು ಹಿಚುಕಿದ್ರ?"

ಪಾರ್ವತೆಮ್ಮ ಕೂಸಿನ ಹೊಟ್ಟೆಯ ಮೇಲಿನ ಬರೆಯನ್ನು ಬೆರಳಿನಿಂದ ಸವರಿದಳು.

"ಸಣ್ಣ ಕೂಸಿನ ಹೊಟ್ಟಿ ಬಾಯಿ ಇನ್ನಾ ಬಿಗಿ ಆಗಿರಂಗಿಲ್ರಿ. ಕುಡಿದದ್ದು ಹೊಟ್ಟಿ ಹುಳಿ ಕೂಡ ಮ್ಯಾಲ ಬರ್ತೈತಿ, ಗಂಟಲ ಉರಿದು ಅಳ್ತೈತಿ. ಎದ್ದು ಕುಂದರಾಕ, ಅಡ್ಡ್ಯಾಡಾಕ ಹತ್ತಿದ ಮ್ಯಾಲ ತಾನ ನಿಲ್ತೈತಿ. ಹೊಟ್ಟಿ ಕಟ್ಟಬ್ಯಾಡ್ರಿ. ಒಮ್ಮೆಗೇ ಹೊಟ್ಟಿ ತುಂಬಸಬ್ಯಾಡ್ರಿ, ಸ್ವಲ್ಪ ಸ್ವಲ್ಪ ಕುಡಸ್ರಿ. ಕುಡಿಸಿದ ಮ್ಯಾಲ ಅರ್ಧ ತಾಸು ಹೆಗಲ ಮ್ಯಾಲ ನೆಟ್ಟಗ ಹಿಡ್ಕೊಳ್ರಿ, ಆಮ್ಯಾಲ ಅಂಗಾತ ಮಲಗಸ್ರಿ. ಹಸಿರು ಕಕ್ಕಿದ್ರ, ರಕ್ತ ಕಂಡ್ರ, ಮೈ ಇಳಿದ್ರ ಓಡಿ ಬರ್ರಿ."

"ಏನರ ಔಷಧ ಬರಕೊಡ್ರಿ ಮೇಡಂ, ಅಷ್ಟು ದೂರದಿಂದ ಬಂದೀವಿ" ಎಂದ ಗವಿಸಿದ್ದೇಶ. ಔಷಧದ ಚೀಟಿಯಿಲ್ಲದೆ ದವಾಖಾನೆಯಿಂದ ಹೊರಬರುವುದು ನಮ್ಮ ಗಂಡಸರಿಗೆ ದೊಡ್ಡ ಅವಮಾನ.

"ಕಕ್ಕೂದಕ್ಕ ಔಷಧ ಬೇಕಾಗಿಲ್ರಿ. ಮೈ ಇಳಿದದ್ದು ಆಡಿನ ಹಾಲಿಗೆ. ಎದಿ ಹಾಲು ಯಾಕ ಬಿಡಿಸಿದ್ರಿ? ಯಾರು ಹೇಳಿದ್ರು?"

ಮಗ ತಾಯಿಯ ಮುಖ ನೋಡಿದ. ಶಿವಲೀಲಾ ನೆಲ ನೋಡಿದಳು.

"ನಾನಽ ಹೇಳಿದ್ನಿರಿ" ಎಂದಳು ಪಾರ್ವತೆಮ್ಮ. "ಇರಿವಿ ಬಿಟ್ಟು ನೋಡಿದ್ವಿ. ಮಲ್ಲಿಗಿ ಕಟ್ಟೀವ್ರಿ. ಬತ್ಯಾವ."

ಡಾಕ್ಟರು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಆಡಿನ ಹಾಲು ಬಿಡಿಸಿ, ಸದ್ಯಕ್ಕೆ ಡಬ್ಬಿ ಹಾಲನ್ನು ಕಲಸುವ ಬಗೆ ತೋರಿಸಿಕೊಟ್ಟಳು. ಆಮೇಲೆ ಶಿವಲೀಲಾಳ ಕೈ ಹಿಡಿದು, "ಪ್ರತಿ ಸಲ ಡಬ್ಬಿ ಹಾಲು ಕೊಡೂಕಿಂತ ಮೊದಲು ಕೂಸಿಗೆ ಎದಿ ಕೊಡವಾ. ಒಣ ಎದಿ ಆದ್ರೂ ಚೀಪಲಿ. ಚೀಪಿದ್ರ ಮತ್ತ ಬರಬಹುದು. ಬರ್ತಾವಂತ ಖಾತ್ರಿ ಹೇಳಂಗಿಲ್ಲ" ಎಂದಳು. ಶಿವಲೀಲಾ ತಲೆಯಾಡಿಸಿದಳು. ಹಾಲಿನಲ್ಲಿ ನಂಜಿರಲಿಲ್ಲ ಎಂದು ಕೇಳಿದರೆ ಅಳು ಬರಬೇಕಿತ್ತು, ಇಲ್ಲವೇ ಅತ್ತೆಯ ಮೇಲೆ ಸಿಟ್ಟು ಬರಬೇಕಿತ್ತು. ಎರಡೂ ಬರಲಿಲ್ಲ.

ಗವಿಸಿದ್ದೇಶ ಪಾಳಿಗೆ ಹೊತ್ತಾಯಿತೆಂದು ಕೊಪ್ಪಳದಿಂದಲೇ ಗಿಣಿಗೇರಿಯ ಬಸ್ಸು ಹತ್ತಿದ. ಅತ್ತೆ ಸೊಸೆ ಕುಷ್ಟಗಿಯಲ್ಲಿ ಇಳಿದು ತಾವರಗೇರಿಯ ಬಸ್ಸಿಗೆ ಕಾಯುತ್ತ ಕಲ್ಲುಬೆಂಚಿನ ಮೇಲೆ ಕೂತರು. ಕೂಸು ಪಾರ್ವತೆಮ್ಮನ ಹೆಗಲ ಮೇಲೆ ನೆಟ್ಟಗೆ ಒರಗಿತ್ತು. ಬಸ್ಸುಗಳು ಬಂದು ಹೋಗುತ್ತಿದ್ದವು. ಪಾರ್ವತೆಮ್ಮ ಎದುರಿನ ಗೋಡೆಯನ್ನು ನೋಡುತ್ತ ಹೇಳಿದಳು.

"ನನ್ನ ಹಾಲಿನಾಗೂ ಇರಿವಿ ಸತ್ತಿತ್ತವಾ."

ಶಿವಲೀಲಾ ತಿರುಗಿ ನೋಡಿದಳು.

"ನಿನ್ನ ಗಂಡನಕಿಂತ ಮೊದಲು ಒಂದು ಗಂಡು ಹುಟ್ಟಿತ್ತು. ಕಳಕೇಶ ಅಂತ ಹೆಸರಿಟ್ಟಿದ್ವಿ. ಹಿಂಗಽ ಕಕ್ಕತಿತ್ತು. ನಮ್ಮತ್ತಿ ಇರಿವಿ ಬಿಟ್ಟು ನೋಡಿ ಮೊಲಿ ಬಿಡಿಸಿದ್ಲು. ಆಡಿನ ಹಾಲು ಕುಡಿಸಿದ್ವಿ. ಭೇದಿ ಹತ್ತಿ ಹೋತು. ಬಿಡಸೂದು ತಡಾ ಆತು, ಅಷ್ಟರಾಗ ನನ್ನ ನಂಜು ಕೂಸಿನ ಮೈಗೆ ಏರಿಬಿಟ್ಟಿತ್ತು ಅಂದ್ರು ಎಲ್ಲಾರೂ. ನಾನೂ ಹಂಗಽ ತಿಳಕೊಂಡಿದ್ನಿ. ಅದಕ್ಕಽ ನಿಂದು ಲಗೂನ ಬಿಡಿಸಿದ್ನಿ, ಇದರ ಜೀವ ಉಳೀಲಿ ಅಂತ."

ಆಕೆಯ ದನಿಯಲ್ಲೂ ಅಳು ಇರಲಿಲ್ಲ. ಮೂವತ್ತು ವರ್ಷ ತಾನು ಕೊಂದೆ ಎಂದುಕೊಂಡವಳಿಗೆ, ಕೊಂದದ್ದು ನಿನ್ನ ಹಾಲಲ್ಲ ಎಂದು ಈಗ ಹೇಳಿದರೆ ಅದನ್ನು ಎಲ್ಲಿಡಬೇಕು ಎಂದಾದರೂ ತಿಳಿಯಬೇಕಲ್ಲ. ಕೂಸು ಅತ್ತೆಯ ಬೆನ್ನ ಮೇಲೆ ಸಣ್ಣಗೆ ಕಕ್ಕಿತು. ಶಿವಲೀಲಾ ತನ್ನ ಹೆಗಲ ಅರಿವೆಯಿಂದ ಒರೆಸಿದಳು. ತಾವರಗೇರಿಯ ಬಸ್ಸು ಬಂತು.

ಮರುದಿನ ಪಕ್ಕೀರವ್ವ ನೀರು ಹಾಕಿ ಹೊಟ್ಟೆಯ ಅರಿವೆಗೆ ಕೈ ಹಾಕಿದಾಗ ಪಾರ್ವತೆಮ್ಮ ತಡೆದಳು. "ನಡ ನಿಲ್ಲಲಿಲ್ಲಂದ್ರ ನನ್ನ ಕೇಳಬ್ಯಾಡ್ರಿ ಮತ್ತ" ಎಂದು ಪಕ್ಕೀರವ್ವ ಮುಖ ಊದಿಸಿಕೊಂಡಳು, ಆದರೆ ಬರುವುದನ್ನು ಬಿಡಲಿಲ್ಲ. ಕೂಸನ್ನು ಹೆಗಲ ಮೇಲೆ ಹಿಡಿದುಕೊಂಡು ತಿರುಗುವ ಕೆಲಸ ಮನೆಯವರಿಗೆಲ್ಲ ಹಂಚಿಹೋಯಿತು. ದೇವೇಂದ್ರಪ್ಪನಂತೂ ಒಂದು ಹೆಗಲ ಮೇಲೆ ಮೊಮ್ಮಗಳನ್ನು ಹಾಕಿಕೊಂಡೇ ಇನ್ನೊಂದು ಕೈಯಲ್ಲಿ ಸಕ್ಕರೆ ತೂಗುತ್ತಿದ್ದ. ಅವನ ಬಿಳಿ ಅಂಗಿಗೆ ಬೆನ್ನಿನ ಮೇಲೊಂದು ಹಳದಿ ಗೆರೆ ಖಾಯಂ ಆಯಿತು. ಭೇದಿ ನಿಂತಿತು. ಕಕ್ಕುವುದು ನಿಲ್ಲಲಿಲ್ಲ, ಕಡಿಮೆಯಾಯಿತು.

ಆದರೆ ಎದೆ? ಡಾಕ್ಟರು ಹೇಳಿದಂತೆ ಶಿವಲೀಲಾ ಪ್ರತಿ ಸಲ ಮೊದಲು ಎದೆ ಕೊಡುತ್ತಿದ್ದಳು. ಕೂಸು ಎರಡು ಸಲ ಚೀಪಿ, ಏನೂ ಬರದಿದ್ದರೆ ಬಾಯಿ ಬಿಟ್ಟು ಅವಳನ್ನೇ ನೋಡುತ್ತಿತ್ತು. ಆಮೇಲೆ ಮುಖ ತಿರುಗಿಸಿ ಅಳುತ್ತಿತ್ತು. ಹಾಲು ಹೆಚ್ಚಲೆಂದು ಪಾರ್ವತೆಮ್ಮ ಅಳವಿ ಬೀಜದ ಉಂಡಿ ಕಟ್ಟಿದಳು, ಸಬ್ಬಸಿಗೆ ಪಲ್ಯ ಮಾಡಿದಳು, ಬೆಳ್ಳುಳ್ಳಿ ಸುಟ್ಟು ತಿನ್ನಿಸಿದಳು. ಶಿವಲೀಲಾ ತಿಂದಳು. ಹಾಲು ಬರಲಿ ಎಂಬ ಆಸೆಯಿಂದಲ್ಲ, ಹೇಳಿದ್ದಾರೆ ಎಂದು. ಹಿಂಡಿ ನೋಡುವುದಕ್ಕೆ ಅವಳಿಗೆ ಧೈರ್ಯವಿರಲಿಲ್ಲ. ಬಟ್ಟಲು ಕಂಡರೆ ಸಾಕು, ಕೈ ಹಿಂದೆ ಸರಿಯುತ್ತಿತ್ತು. ಪಾರ್ವತೆಮ್ಮನೂ ಕೇಳುತ್ತಿರಲಿಲ್ಲ. ಇಬ್ಬರ ನಡುವೆ ಆ ಒಂದು ಮಾತು ಬಿಟ್ಟು ಉಳಿದೆಲ್ಲ ಮಾತು ನಡೆಯುತ್ತಿತ್ತು. ದಿನ ಹೋದವು. ಕೂಸು ಮುಖ ತಿರುಗಿಸುವುದು ಕಡಿಮೆಯಾಗಿ, ಕಣ್ಣು ಮುಚ್ಚಿ ಸ್ವಲ್ಪ ಹೆಚ್ಚು ಹೊತ್ತು ಚೀಪಲು ಹತ್ತಿತು. ರೂಢಿಯಾಗಿರಬೇಕು ಎಂದುಕೊಂಡಳು ಶಿವಲೀಲಾ.

ಆ ಬೆಳಿಗ್ಗೆ ಕೂಸು ಎದ್ದ ಕೂಡಲೆ ಅವಳು ಎಂದಿನಂತೆ ಎದೆಗೆ ಹಚ್ಚಿಕೊಂಡು ಪಡಸಾಲೆಯ ಕಂಬಕ್ಕೆ ಒರಗಿ ಕೂತಿದ್ದಳು. ಡಬ್ಬಿ ಹಾಲಿಗೆ ನೀರು ಇನ್ನೂ ಒಲೆಯ ಮೇಲಿತ್ತು. ಸಾಕಷ್ಟು ಹೊತ್ತಾದ ಮೇಲೆ ಕೂಸನ್ನು ಬಿಡಿಸಿ ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟಿದಳು. ಕೂಸು ತೇಗಿತು. ತೇಗಿನ ಹಿಂದೆಯೇ ಏನೋ ಬೆಚ್ಚಗೆ ಅವಳ ಕುತ್ತಿಗೆಯ ಬದಿಯಿಂದ ಹರಿದು ಕುಪ್ಪಸದೊಳಗೆ ಇಳಿಯಿತು.

ಒರೆಸಲು ಅರಿವೆ ಎತ್ತಿದಳು. ಕೈ ಅಲ್ಲೇ ನಿಂತಿತು.

ಬೆಳ್ಳಗಿತ್ತು. ತೆಳ್ಳಗೆ, ಬೆಳ್ಳಗೆ. ಕೂಸಿನ ಬಾಯಿಗೆ ಮುಂಜಾನೆಯಿಂದ ಬೇರೆ ಯಾವುದೂ ಬಿದ್ದಿರಲಿಲ್ಲ.

"ಅತ್ತೀ!"

ಆ ಮನೆಯಲ್ಲಿ ಅವಳ ದನಿ ಅಷ್ಟು ಜೋರಾಗಿ ಯಾರೂ ಕೇಳಿರಲಿಲ್ಲ. ಅಂಗಡಿಯಲ್ಲಿ ದೇವೇಂದ್ರಪ್ಪ ತಕ್ಕಡಿ ಕೆಳಗಿಟ್ಟ. ಪಾರ್ವತೆಮ್ಮ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಕೂಸಿಗೆ ಏನಾಯಿತೋ ಎಂದು ಅದರ ಮುಖ ನೋಡಿದಳು, ಕೂಸು ನಗುತ್ತಿತ್ತು. ಸೊಸೆಯ ಕುತ್ತಿಗೆ ನೋಡಿದಳು.

"ಡಬ್ಬಿ ಹಾಲು ಕುಡಿಸಿದ್ದೇನವಾ?"

"ಇಲ್ರಿ. ಇನ್ನಾ ಏನೂ ಕೊಟ್ಟಿಲ್ರಿ. ನಂದಽ ಅತ್ತಿ. ನಂದಽ." ಹೇಳುತ್ತ ಹೇಳುತ್ತ ಶಿವಲೀಲಾಳ ಗಲ್ಲ ನಡುಗಿತು, ಎಷ್ಟೋ ದಿನದಿಂದ ಎಲ್ಲೋ ನಿಂತಿದ್ದ ಅಳು ಒಮ್ಮೆಗೇ ಬಂತು. ಅಳುತ್ತಲೇ ಅವಳು ಕೂಸಿನ ಬಾಯಿಯ ಮೂಲೆ, ಕುತ್ತಿಗೆಯ ಮಡಿಕೆ, ಹುಳಿ ವಾಸನೆಯ ಜುಬ್ಬ ಎಲ್ಲದಕ್ಕೂ ಮುಖ ಒತ್ತಿದಳು.

ಪಾರ್ವತೆಮ್ಮ ಸೊಸೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿಕೊಂಡಳು. ಒಂದು ಬೆರಳಿನಿಂದ ಸೊಸೆಯ ಕುತ್ತಿಗೆಯ ಮೇಲಿನ ಹಾಲನ್ನು ಮುಟ್ಟಿ, ಆ ಬೆರಳನ್ನು ನಾಲಗೆಗೆ ಹಚ್ಚಿಕೊಂಡಳು. ತನ್ನ ಹಾಲನ್ನು ಆಕೆ ಒಮ್ಮೆಯೂ ರುಚಿ ನೋಡಿರಲಿಲ್ಲ.

"ಸಿಹಿ ಅದಾವ" ಎಂದಳು. "ಶಿವಲೀಲಾ, ಸಿಹಿ ಅದಾವವಾ."

ಆಮೇಲೆ ಆಕೆ ಕಂಬ ಹಿಡಿದುಕೊಂಡು, "ಕಳಕೇಶಾ" ಎಂದು ಕರೆದು, ಗಟ್ಟಿಯಾಗಿ ಅತ್ತಳು.